ವಿಪಶ್ಯನ ಧ್ಯಾನದ 10 ದಿನಗಳ ಶಿಬಿರ: ಹೊಸಬರಿಗೆ ಹೊಂದುತ್ತದೆಯೇ?

ಮೊದಲು ರಜೆಯ ಲೆಕ್ಕ. ಹೆಸರಿಗೆ 10 ದಿನ, ಆದರೆ ಹಿಂದಿನ ದಿನ ಮಧ್ಯಾಹ್ನವೇ ತಲುಪಬೇಕು, ಬಿಡುವುದು 11ನೇ ದಿನ ಬೆಳಿಗ್ಗೆ. ಹಾಗಾಗಿ 12 ದಿನ ರಜೆ ಹಾಕಿ. ಎಸ್.ಎನ್. ಗೋಯೆಂಕಾ 1969ರಲ್ಲಿ ಬರ್ಮಾದಿಂದ ಬಂದು ಭಾರತದಲ್ಲಿ ಕಲಿಸತೊಡಗಿದ ಧ್ಯಾನ ಪದ್ಧತಿ ಇದು. ಬೆಂಗಳೂರಿನ ತುಮಕೂರು ರಸ್ತೆ ಕಡೆಯ ಆಲೂರಿನಲ್ಲಿರುವ ಕೇಂದ್ರದ ಹೆಸರು ಧಮ್ಮ ಪಫುಲ್ಲ. ಊಟ, ವಸತಿ, ಕಲಿಕೆ ಯಾವುದಕ್ಕೂ ಶುಲ್ಕವಿಲ್ಲ. ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ದೇಣಿಗೆ ಪಡೆಯುತ್ತಾರೆ.

ಬೆಳಗಿನ ಜಾವ 4ಕ್ಕೆ ಗಂಟೆ ಹೊಡೆಯುತ್ತದೆ, ರಾತ್ರಿ 9:30ಕ್ಕೆ ದೀಪ ಆರುತ್ತದೆ. ನಡುವೆ ಹತ್ತು ಗಂಟೆಗೂ ಹೆಚ್ಚು ಕೂರುವ ಕೆಲಸ. ಮಾತಿಲ್ಲ, ಫೋನಿಲ್ಲ, ಪುಸ್ತಕ-ಪೆನ್ನೂ ಇಲ್ಲ. 11 ಗಂಟೆಗೆ ಮಧ್ಯಾಹ್ನದ ಊಟ, ಸಂಜೆ 5ಕ್ಕೆ ಹೊಸಬರಿಗೆ ಚಹಾ ಮತ್ತು ಹಣ್ಣಿನಂಥ ಅಲ್ಪಾಹಾರ. ಅಷ್ಟೇ, ಮರುದಿನ 6:30ರ ತಿಂಡಿಯವರೆಗೆ ಬೇರೇನೂ ಸಿಗದು. ಸಕ್ಕರೆ ಕಾಯಿಲೆ ಇದ್ದವರು ಇದನ್ನು ಅರ್ಜಿಯಲ್ಲೇ ತಿಳಿಸಬೇಕು, ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು.

ಮೊದಲ ಮೂರು ದಿನ ಬರೀ ಆನಾಪಾನ, ಅಂದರೆ ಉಸಿರು ತಾನಾಗಿ ಹೇಗೆ ಬರುತ್ತದೋ ಹಾಗೆ ಗಮನಿಸುವುದು. ಎಡ ಹೊಳ್ಳೆಯೋ ಬಲ ಹೊಳ್ಳೆಯೋ, ಒಳಬರುವಾಗ ತಣ್ಣಗಿದೆಯೋ, ಹೋಗುವಾಗ ಬೆಚ್ಚಗಿದೆಯೋ ಎಂದಷ್ಟೇ ನೋಡಬೇಕು. ದಿನ ಕಳೆದಂತೆ ಗಮನದ ಜಾಗ ಕಿರಿದಾಗುತ್ತಾ ಮೂಗಿನ ಕೆಳಗೆ, ಮೇಲ್ತುಟಿಯ ಮೇಲಿರುವ ಅಂಗೈಯಷ್ಟೂ ಇಲ್ಲದ ಜಾಗಕ್ಕೆ ಬಂದು ನಿಲ್ಲುತ್ತದೆ. ಪ್ರಾಣಾಯಾಮ ಕಲಿತವರು ಎಡವುವುದು ಇಲ್ಲೇ: ಗೊತ್ತಿಲ್ಲದಂತೆ ಉಸಿರನ್ನು ಎಳೆದು ಬಿಡತೊಡಗುತ್ತಾರೆ, ಅರ್ಧ ಗಂಟೆಯಲ್ಲಿ ಹಣೆ ಬಿಗಿಯುತ್ತದೆ. ಉಸಿರು ಗಮನಕ್ಕೇ ಬಾರದಿದ್ದರೆ ನಾಲ್ಕಾರು ಸಲ ತುಸು ಜೋರಾಗಿ ಉಸಿರಾಡಿ ಮತ್ತೆ ಅದರ ಪಾಡಿಗೆ ಬಿಡಬೇಕು. ಜಪ, ಎಣಿಕೆ ಎರಡನ್ನೂ ಬೆರೆಸುವಂತಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ವಿಪಶ್ಯನ ಶುರು. ನೆತ್ತಿಯಿಂದ ಪಾದದವರೆಗೆ ಒಂದೊಂದೇ ಭಾಗದ ಸಂವೇದನೆ ನೋಡುತ್ತಾ ಸಾಗಬೇಕು. ಅಲ್ಲಿಂದಾಚೆ ದಿನಕ್ಕೆ ಮೂರು ಬಾರಿ ಒಂದೊಂದು ಗಂಟೆ ಅಧಿಷ್ಠಾನ: ಕೈ ಬಿಡಿಸದೆ, ಕಾಲು ಬದಲಿಸದೆ, ಕಣ್ಣು ತೆರೆಯದೆ ಕೂರುವ ಪ್ರಯತ್ನ. ಇಲ್ಲಿ ಸೋಲುವುದು ಮನಸ್ಸಿಗಿಂತ ಮಂಡಿ. ಸೊಂಟ ಮಂಡಿಗಿಂತ ಎತ್ತರದಲ್ಲಿರುವಂತೆ ದಿಂಬು ಜೋಡಿಸಿ, ಅದರ ಮುಂದಿನ ಅಂಚಿನಲ್ಲಿ ಕುಳಿತರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಂಡಿ ನೆಲಕ್ಕೆ ತಾಗದಿದ್ದರೆ ಅದರಡಿ ಮಡಚಿದ ಟವೆಲ್ ಇಡಿ. ಎದ್ದು ಓಡಾಡಿದ ಮೇಲೂ ಇಳಿಯದ ನೋವನ್ನು ಸಹಿಸಬೇಕಿಲ್ಲ. ಕುರ್ಚಿ ಕೇಳಿ, ನಾಚಿಕೆಯೇನೂ ಇಲ್ಲ. ಜುಮ್ಮೆನ್ನುವ ಹಿತಾನುಭವ ಒಮ್ಮೆ ಸಿಕ್ಕವರು ಮುಂದಿನ ಸಲವೂ ಅದನ್ನೇ ಹುಡುಕುತ್ತಾ ಕೂರುವುದು ಇನ್ನೊಂದು ದೊಡ್ಡ ತೊಡಕು.

ಕೊರತೆಗಳೂ ಇವೆ. ಕಲಿಸುವುದು ಧ್ವನಿಮುದ್ರಿಕೆ; ಸಹಾಯಕ ಆಚಾರ್ಯರು ಮಧ್ಯಾಹ್ನ 12ರ ನಂತರ ಪ್ರಶ್ನೆಗೆ ಉತ್ತರಿಸುತ್ತಾರಾದರೂ ಮಾತು ಚುಟುಕು. ಮತಾತೀತ ಎನ್ನುತ್ತಲೇ ಪಾಲಿ ಭಾಷೆಯ ಪಠಣವೂ, ಸಂಜೆಯ ಪ್ರವಚನದಲ್ಲಿ ಜನ್ಮಾಂತರದ ಮಾತೂ ಬರುತ್ತವೆ. ಕೊನೆಗೆ ಮನೆಯಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಗಂಟೆ ಕೂರಿ ಎನ್ನುತ್ತಾರೆ. ಕೆಲಸ, ಮಕ್ಕಳು ಇರುವವರಿಗೆ ಇದು ಹೇಳಿದಷ್ಟು ಸುಲಭವಲ್ಲ. ಅರ್ಧ ಗಂಟೆ ತಪ್ಪದೆ ಕೂತರೂ ಸಾಕೆಂಬುದು ನಮ್ಮ ಅಭಿಪ್ರಾಯ.

ಹತ್ತು ನಿಮಿಷವೂ ಕಣ್ಣು ಮುಚ್ಚಿ ಕೂತು ಗೊತ್ತಿಲ್ಲದವರು ನೇರ ಇಲ್ಲಿಗೆ ಬರಬೇಡಿ. ಇದೇ ಸಂಸ್ಥೆಯ ಕಿರು ಆನಾಪಾನ ಧ್ವನಿಮುದ್ರಿಕೆ ಪುಕ್ಕಟೆ ಸಿಗುತ್ತದೆ, ಒಂದು ತಿಂಗಳು ಅದರೊಂದಿಗೆ ಕೂತು ಆಮೇಲೆ ಅರ್ಜಿ ಹಾಕಿ. ತೀವ್ರ ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಹೊರಡಲೇಬಾರದು. ಚೀಲಕ್ಕೆ ಸಡಿಲ ಹತ್ತಿ ಬಟ್ಟೆ, ಮುಂಜಾವಿನ ಚಳಿಗೊಂದು ಶಾಲು, ಟಾರ್ಚ್ ಹಾಕಿಕೊಳ್ಳಿ. ಜಪಮಾಲೆ, ಊದುಬತ್ತಿ ಮನೆಯಲ್ಲೇ ಇರಲಿ.