ದ್ರಾವಕ ಶುದ್ಧಿಗೊಂದು ನಂಬಿಕಸ್ಥ ಪುಸ್ತಕ

ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲು ಕೈಗೆತ್ತಿಕೊಳ್ಳಬೇಕಾದ್ದು ‘ಪ್ಯೂರಿಫಿಕೇಶನ್ ಆಫ್ ಲ್ಯಾಬೊರೇಟರಿ ಕೆಮಿಕಲ್ಸ್’. 1966ರಲ್ಲಿ ಮೊದಲು ಬಂದ ಈ ಪುಸ್ತಕವನ್ನು ಲ್ಯಾಬುಗಳಲ್ಲಿ ಲೇಖಕರ ಹೆಸರಿನಿಂದ ‘ಪೆರಿನ್-ಅರ್ಮರೆಗೊ’ ಎಂದೇ ಕರೆಯುತ್ತಾರೆ. ಸಂಯುಕ್ತದ ಹೆಸರು ಹುಡುಕಿದರೆ ಕುದಿಬಿಂದು, ಸಾಂದ್ರತೆ, ಶುದ್ಧ ಮಾಡುವ ಬಗೆ ಒಂದೇ ಕಡೆ ಸಿಗುತ್ತವೆ.

ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್) ಎಂಬ ದ್ರಾವಕವನ್ನೇ ನೋಡಿ. ಕುದಿಯುವುದು 153 ಡಿಗ್ರಿಗೆ, ಆದರೆ ಆ ಬಿಸಿಗೆ ಅದು ಸ್ವಲ್ಪ ಒಡೆದು ಡೈಮೀಥೈಲ್‌ಅಮೀನ್ ಬಿಡುತ್ತದೆ. ಅದಕ್ಕೇ ನಿರ್ವಾತದಲ್ಲಿ, ಕಡಿಮೆ ಬಿಸಿಯಲ್ಲಿ ಭಟ್ಟಿ ಇಳಿಸಬೇಕು. ಬಾಟಲಿ ತೆರೆದಾಗ ಮೀನಿನ ವಾಸನೆ ಬಂದರೆ ಅದನ್ನು ಬಳಸಬೇಡಿ. ನಿಮ್ಮ ಕ್ರಿಯೆಯಲ್ಲಿ ಆಸಿಡ್ ಕ್ಲೋರೈಡ್ ಇದ್ದರೆ ಆ ಅಮೀನ್ ಅದನ್ನು ನುಂಗಿ ಬೇಡದ ಅಮೈಡ್ ಕೊಡುತ್ತದೆ, ಇಳುವರಿ ಕುಸಿಯುತ್ತದೆ.

ಹಳೆಯ ವಿಧಾನಗಳನ್ನು ಮಾತ್ರ ಕಣ್ಣುಮುಚ್ಚಿ ಅನುಸರಿಸುವುದು ಬೇಡ. ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್) ದ್ರಾವಕದ ನೀರು ತೆಗೆಯಲು ಸೋಡಿಯಂ-ಬೆಂಜೋಫಿನೋನ್ ಭಟ್ಟಿ ಬೆಂಕಿಯ ಅಪಾಯದ್ದು. 300 ಡಿಗ್ರಿಯಲ್ಲಿ ಚೆನ್ನಾಗಿ ಕಾಯಿಸಿದ 3 ಆಂಗ್‌ಸ್ಟ್ರಮ್ ಮಾಲಿಕ್ಯುಲರ್ ಸೀವ್ಸ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ಮಣಿಗಳು) ಅನ್ನು 100 ಮಿಲಿಗೆ 20 ಗ್ರಾಂನಂತೆ ಹಾಕಿ 48 ಗಂಟೆ ಬಿಟ್ಟರೆ ನೀರು ಅದಕ್ಕಿಂತ ಚೆನ್ನಾಗಿ ಹೋಗುತ್ತದೆ. ಟಿಎಚ್‌ಎಫ್‌ನಲ್ಲಿ ಸ್ಫೋಟಕ ಪೆರಾಕ್ಸೈಡ್ ಸೇರಿದೆಯೇ ಎಂಬ ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಡೈಕ್ಲೋರೋಮೀಥೇನ್‌ಗೆ ಸೋಡಿಯಂ ಎಂದಿಗೂ ಮುಟ್ಟಿಸಬಾರದು, ಸ್ಫೋಟವಾಗುತ್ತದೆ. ಅದರ ನೀರು ತೆಗೆಯಲು ಕ್ಯಾಲ್ಸಿಯಂ ಹೈಡ್ರೈಡ್ ಸರಿ.