ಕಟ್ಟಿಗೆ ಬಾಯ್ಲರ್: ತಾಮ್ರವೋ, ಕಬ್ಬಿಣವೋ, ಸ್ಟೀಲೋ?

ಬಾಯ್ಲರ್ ಅಂಗಡಿಗೆ ಹೋದರೆ ಮೊದಲು ಕೇಳುವುದು ಎಷ್ಟು ಲೀಟರಿನದು ಬೇಕು ಅಂತ. ಯಾವ ನೀರು ಹಾಕ್ತೀರಿ ಅಂತ ಯಾರೂ ಕೇಳುವುದಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕೇಳಬೇಕಾದ್ದು ಅದನ್ನೇ. ಗಂಗಾವತಿಯ ನಮ್ಮ ಮನೆಯ ನಳಕ್ಕೆ ತುಂಗಭದ್ರೆಯ ನೀರು. ಕುಷ್ಟಗಿ ಕಡೆ ಇರುವ ಅಕ್ಕನ ಮನೆಯಲ್ಲಿ ಬೋರ್ ನೀರು, ಅದೂ ಸವಳು. ಹೊಲದ ಮನೆಯಲ್ಲೂ ಬೋರೇ. ಮನೆಯಲ್ಲಿ ಸ್ಟೀಲ್ ಬಾಯ್ಲರ್, ಹೊಲದಲ್ಲಿ ಕಬ್ಬಿಣದ್ದು, ಅಕ್ಕನ ಮನೆಯಲ್ಲಿ ಅಜ್ಜಿ ಕಾಲದ ತಾಮ್ರದ ಬಂಬ. ಮೂರನ್ನೂ ನಾನೇ ಹೊತ್ತಿಸಿ, ತೊಳೆದು, ರಿಪೇರಿ ಮಾಡಿಸಿ ನೋಡಿದ್ದೇನೆ.

ತಾಮ್ರದ ಬಂಬದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ತುಕ್ಕು ಹಿಡಿಯುವುದೇ ಇಲ್ಲ, ಹೆಚ್ಚೆಂದರೆ ಹಸಿರು ಕಿಲುಬು. ಬೇಗ ಕಾಯುತ್ತದೆ. ಸೋರಿದರೆ ಬೆಸುಗೆಯ ಹತ್ತಿರವೇ ಸೋರುತ್ತದೆ. ಅದೂ ಬಹುತೇಕ ಯಾರೋ ನೀರಿಲ್ಲದೆ ಉರಿ ಹಾಕಿದಾಗ. ಹೊಸದು ಕೊಳ್ಳಲು ಹೋದರೆ ಬೆಲೆ ಕೇಳಿಯೇ ಬೆವರು ಬರುತ್ತದೆ. ಮನೆಯಲ್ಲಿ ಹಳೆಯದಿದ್ದರೆ ಮಾತ್ರ ದಯವಿಟ್ಟು ಗುಜರಿಗೆ ಹಾಕಬೇಡಿ. ಸವಳು ನೀರಲ್ಲಿ ಅದಕ್ಕಿರುವ ಮುಖ್ಯ ಕಾಟ, ಒಳಗೆ ಕಟ್ಟುವ ಸುಣ್ಣದ ಪದರ. ಇಂಥ ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರೆಯಾಗಿ, ಬೆಂಕಿ ತಗಲುವ ಗೋಡೆಗೇ ಅಂಟಿಕೊಳ್ಳುತ್ತದೆ. ಅಕ್ಕನ ಬಂಬದ ಒಳಗೆ ಕೈ ಹಾಕಿದರೆ ಗೋಡೆ ಒರಟು ಒರಟು. 'ತಮ್ಮಾ, ಮೊದಲಿಗಿಂತ ಕಟ್ಟಿಗೆ ಜಾಸ್ತಿ ತಿನ್ನಾಕತ್ತೈತಿ ನೋಡು' ಅಂತ ಅಕ್ಕ ಗೊಣಗುತ್ತಿದ್ದಳು. ಬಿಸಿನೀರಲ್ಲಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಕರಗಿಸಿ ರಾತ್ರಿಯಿಡೀ ಬಿಟ್ಟೆವು. ಬುರುಬುರು ನೊರೆ ಬಂದು ಪದರ ಸಡಿಲಾಯಿತು. ಎರಡು ಸಲ ತೊಳೆದ ಮೇಲೆ ಜಳಕಕ್ಕೆ ಬಳಸಿದೆವು.

ಇನ್ನು ಅಸಲಿ ಜಗಳ ಕಬ್ಬಿಣ ಮತ್ತು ಸ್ಟೀಲಿನದು.

ಸ್ಟೀಲ್ ಅಂದರೆ ತುಕ್ಕಿಲ್ಲ ಅಂತ ಎಲ್ಲರ ನಂಬಿಕೆ. ಅರ್ಧ ಮಾತ್ರ ನಿಜ. ಒಳ್ಳೆಯದು ಅನ್ನುವ 304 ಗ್ರೇಡಿನ ಸ್ಟೀಲಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳು ಪರೆ ಕಟ್ಟಿ ಕಾಯುತ್ತದೆ. ಈ ಪರೆಗೆ ಆಗದ್ದು ಕ್ಲೋರೈಡ್, ಅಂದರೆ ಉಪ್ಪಿನಂಶ. ಸವಳು ನೀರಲ್ಲಿ ಅದು ಬೇಕಾದಷ್ಟಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದ ಕಡೆ 1000ದವರೆಗೂ ನಡೆಯುತ್ತದೆ. ಬಾಯಿಗೆ ಉಪ್ಪು ಹತ್ತುವ ನೀರನ್ನು 60 ಡಿಗ್ರಿ ದಾಟಿಸಿ ದಿನಾ ಕಾಸಿದರೆ 304 ಕೂಡ ವೆಲ್ಡಿಂಗ್ ಹತ್ತಿರ ಚುಕ್ಕಿ ಚುಕ್ಕಿಯಾಗಿ ತೂತು ಬೀಳಬಹುದು, ಬಿರುಕೂ ಬಿಡಬಹುದು. ತೆಳು ಶೀಟಾದರೆ ಆಟ ಬೇಗ ಮುಗಿಯುತ್ತದೆ.

ಅದರ ಮೇಲೆ 304 ಅಂತ ಹೇಳಿ 202 ಗ್ರೇಡಿನದು ಮಾರುವವರಿದ್ದಾರೆ. ಅದರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಅಂಗಡಿಯವರು ಮ್ಯಾಗ್ನೆಟ್ ಹಿಡಿದು 'ನೋಡ್ರಿ, ಅಂಟಂಗಿಲ್ಲ, ಪಕ್ಕಾ ಮಾಲು' ಅನ್ನುತ್ತಾರೆ. 202 ಕೂಡ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ! ಪರೀಕ್ಷೆ ಮಾಡುವ ಹನಿ ದ್ರಾವಣ ಸಿಗುತ್ತದೆ, ಅದನ್ನು ಹಾಕಿ ತೋರಿಸಿ ಅಂತ ಕೇಳಿ. ಮುಖ ಚಿಕ್ಕದು ಮಾಡಿದರೆ ಬೇರೆ ಅಂಗಡಿ ನೋಡಿ. ನಮ್ಮ ಮನೆಯ ಬಾಯ್ಲರ್ ಪರೀಕ್ಷೆ ಮಾಡಿಸಿ ತಂದದ್ದು. ಹೊಳೆ ನೀರಲ್ಲಿ ಇಲ್ಲಿಯವರೆಗೂ ತಕರಾರಿಲ್ಲ. ಅದೇ ಬಾಯ್ಲರನ್ನು ಅಕ್ಕನ ಊರಿಗೆ ನಾನು ಕಳಿಸುವುದಿಲ್ಲ. ಇನ್ನೊಂದು ಮಾತು: ಸ್ಟೀಲಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಮುಟ್ಟಿಸಲೇಬೇಡಿ. ಅದರಲ್ಲಿರುವುದೂ ಕ್ಲೋರೈಡೇ.

ಹೊಲದ ಮನೆಯದು 3 ಎಂಎಂ ಕಬ್ಬಿಣದ ಶೀಟಿನದು, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ನೋಡಲು ಒಡ್ಡೊಡ್ಡಾಗಿದೆ. ಆದರೆ ಸವಳು ನೀರಿಗೆ ನನ್ನ ಓಟು ಇದಕ್ಕೇ.

ತುಕ್ಕಿಗೆ ನೀರು ಬೇಕು, ಜೊತೆಗೆ ಆಮ್ಲಜನಕವೂ ಬೇಕು. ಶಕ್ತಿನಗರದ ಆರ್‌ಟಿಪಿಎಸ್‌ನಂಥ ಶಾಖೋತ್ಪನ್ನ ಕೇಂದ್ರಗಳಲ್ಲಿ ಬಾಯ್ಲರ್ ನೀರಿನಿಂದ ಆಮ್ಲಜನಕ ತೆಗೆಯಲು ಬೇರೆ ಉಪಕರಣವನ್ನೇ ಇಟ್ಟಿರುತ್ತಾರೆ. ಅಲ್ಲಿ ಹೆಚ್ಚಾಗಿ ಅದೇ ನೀರು ಸುತ್ತುತ್ತದೆ. ನಮ್ಮ ಜಳಕದ ಬಾಯ್ಲರಿಗೆ ಪ್ರತಿ ಬಕೆಟ್ಟಿಗೂ ತಾಜಾ ತಣ್ಣೀರು, ಅದರ ಜೊತೆ ತಾಜಾ ಆಮ್ಲಜನಕ. ಹಾಗಾಗಿ ಕಬ್ಬಿಣಕ್ಕೆ ತುಕ್ಕು ಬಂದೇ ಬರುತ್ತದೆ. ಅದನ್ನು ಬೇರೆ ಯಾವುದರ ಮೇಲಾದರೂ ತಿರುಗಿಸಬೇಕು, ಅಷ್ಟೇ.

ಮಿಸ್ತ್ರಿ ಒಳಗೂ ರೆಡ್ ಆಕ್ಸೈಡ್ ಬಣ್ಣ ಹೊಡೆಯೋಣ ಅಂದ. ಬೇಡ ಅಂದೆ. ಬಿಸಿನೀರಲ್ಲಿ ಅದು ಸಿಪ್ಪೆಯಂತೆ ಎದ್ದು ನಳದಲ್ಲಿ ಬರುತ್ತದೆ. ಜಿಐ ಶೀಟ್, ಅಂದರೆ ಸತುವಿನ ಲೇಪವಿರುವ ಕಬ್ಬಿಣ ಹಾಕೋಣ ಅಂದ. ತಣ್ಣೀರ ಟ್ಯಾಂಕಿಗೆ ಜಿಐ ಒಳ್ಳೆಯದೇ. ಆದರೆ ಕೆಲವು ಥರದ ನೀರಲ್ಲಿ ಸುಮಾರು 60 ಡಿಗ್ರಿ ದಾಟಿದರೆ ಸತು ಕಬ್ಬಿಣವನ್ನು ಕಾಯುವುದು ಬಿಟ್ಟು, ಕಬ್ಬಿಣವೇ ಸತುವಿಗಿಂತ ಮೊದಲು ಕರಗುವಂತೆ ಮಾಡುತ್ತದೆ. ಮತ್ತೆ, ಜಿಐ ಟ್ಯಾಂಕಿಗೆ ಬರುವ ನೀರಿನ ಪೈಪು ತಾಮ್ರದ್ದಾದರೆ ಇನ್ನೂ ಬೇಗ ತೂತು.

ಕೊನೆಗೆ ಗೀಸರ್ ರಿಪೇರಿ ಅಂಗಡಿಯಿಂದ ಮೆಗ್ನೀಷಿಯಂ ರಾಡ್ ತಂದು, ಟ್ಯಾಂಕಿನ ತಲೆಯಲ್ಲಿ ಒಂದು ಸಾಕೆಟ್ ವೆಲ್ಡ್ ಮಾಡಿಸಿ ತಿರುಗಿಸಿದೆ. ಮೆಗ್ನೀಷಿಯಂ ಕಬ್ಬಿಣಕ್ಕಿಂತ ಮೊದಲು ಕರಗುವ ಲೋಹ. ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಎರಡು ಷರತ್ತಿವೆ. ರಾಡ್ ನೀರಲ್ಲಿ ಮುಳುಗಿರಬೇಕು, ಟ್ಯಾಂಕಿನ ಲೋಹಕ್ಕೆ ಸರಿಯಾಗಿ ತಾಗಿರಬೇಕು. ಸೋರದಿರಲಿ ಅಂತ ರಾಡಿನ ತಿರುಪಿಗೆ ಟೇಪು ಜಾಸ್ತಿ ಸುತ್ತಿದರೆ ಆ ತಾಗುವಿಕೆಯೇ ತಪ್ಪಬಹುದು. ಸವಳು ನೀರಲ್ಲಿ ವಿದ್ಯುತ್ ಚೆನ್ನಾಗಿ ಹರಿಯುವುದರಿಂದ ರಾಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಸವೆಯುತ್ತದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿದಾಗ ರಾಡ್ ಇಲಿ ಕಡಿದಂತೆ ಕೊರೆದುಹೋಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಟ್ಯಾಂಕಿನ ಅಡಿ ಗಟ್ಟಿ. ನೀರು ನಿಲ್ಲುವ ಗೆರೆಯಲ್ಲಿ ಮಾತ್ರ ಕೆಂಪು ಪಟ್ಟಿ. ಅಲ್ಲಿ ಗಾಳಿ, ನೀರು ಎರಡೂ ಸೇರುತ್ತವೆ. ಟ್ಯಾಂಕನ್ನು ತುಂಬಿಸಿಯೇ ಇಟ್ಟರೆ ಈ ಪಟ್ಟಿ ಚಿಕ್ಕದಾಗಿರುತ್ತದೆ. ಅರ್ಧ ನೀರು ಬಿಟ್ಟು ಊರಿಗೆ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು.

ಹೊತ್ತಿಸುವ ಮೊದಲ ದಿನದ ಕೆಲಸ ಮೂರಕ್ಕೂ ಹೆಚ್ಚು ಕಡಿಮೆ ಒಂದೇ, ಕಬ್ಬಿಣಕ್ಕೆ ಸ್ವಲ್ಪ ಜಾಸ್ತಿ. ಹೊಸ ಕಬ್ಬಿಣದ ಟ್ಯಾಂಕಿನೊಳಗೆ ಎಣ್ಣೆ, ವೆಲ್ಡಿಂಗ್ ಚೂರು ಇರುತ್ತವೆ. ವಾಷಿಂಗ್ ಸೋಡಾ ಹಾಕಿದ ಬಿಸಿನೀರು ತುಂಬಿ, ನಿಲ್ಲಿಸಿ, ಖಾಲಿ ಮಾಡಿ ತೊಳೆಯಬೇಕು. ಆಮೇಲೆ ತಣ್ಣೀರು ತುಂಬಿ ರಾತ್ರಿಯಿಡೀ ಬಿಟ್ಟರೆ ಸೋರಿಕೆ ಗೊತ್ತಾಗುತ್ತದೆ. ಬೆಳಗ್ಗೆ ತೊಗರಿ ಕಟ್ಟಿಗೆಯ ಸಣ್ಣ ಉರಿ. ಕೂಡಲೇ ಒಲೆಯೊಳಗಿಂದ ಹನಿ ತೊಟ್ಟಿಕ್ಕತೊಡಗುತ್ತದೆ, ಎಲ್ಲರೂ ಗಾಬರಿ. ಮಿಸ್ತ್ರಿ ನಗುತ್ತಾ 'ಲೀಕ್ ಅಲ್ರೀ, ಬೆವರು' ಅಂದ. ಸರಿಯೇ. ಹೊಗೆಯಲ್ಲಿರುವ ನೀರಾವಿ ತಣ್ಣಗಿರುವ ಗೋಡೆಗೆ ತಾಗಿ ಹನಿಯಾಗುತ್ತದೆ. ನೀರು ಬಿಸಿಯಾದ ಮೇಲೂ ನಿಲ್ಲದಿದ್ದರೆ ಆಗ ಮಿಸ್ತ್ರಿಯನ್ನು ಹಿಡಿಯಿರಿ. ಹಸಿ ಕಟ್ಟಿಗೆ ಹಾಕಿದರೆ ಈ ಬೆವರು, ಕರಿ ಅಂಟು ಎರಡೂ ಜಾಸ್ತಿ. ಚೆನ್ನಾಗಿ ಒಣಗಿದ ಬಳ್ಳಾರಿ ಜಾಲಿಗೆ ಸಾಟಿಯಿಲ್ಲ. ನಮ್ಮ ಕಡೆ ಅದಕ್ಕೇನು ಬರ? ಮತ್ತೆ, ಮೇಲಿನ ಆವಿ ಪೈಪಿಗೆ ಬಟ್ಟೆ ತುರುಕುವುದಾಗಲಿ, ವಾಲ್ವ್ ಹಾಕುವುದಾಗಲಿ ಬೇಡವೇ ಬೇಡ. ಆವಿಗೆ ದಾರಿಯಿಲ್ಲದಿದ್ದರೆ ಟ್ಯಾಂಕೇ ಸಿಡಿಯುತ್ತದೆ.

ಹೊರಗಿನ ತುಕ್ಕಿನ ಕಡೆ ಯಾರೂ ಗಮನ ಕೊಡುವುದಿಲ್ಲ. ಒಲೆಯೊಳಗೆ ಬಿಟ್ಟ ಬೂದಿ ಮಳೆಗಾಲದಲ್ಲಿ ತೇವ ಎಳೆದುಕೊಂಡು ಶೀಟಿಗೆ ಅಂಟಿ ಕೂರುತ್ತದೆ. ಹೊಲದ ಬಾಯ್ಲರಿನ ಜಾಳಿಗೆಯ ಕೆಳಗೆ ಬೆರಳಿಟ್ಟು ಕೆರೆದರೆ ಪುಡಿ ಉದುರಿದ್ದು ಈ ಜಾಗದಲ್ಲೇ, ನೀರಿರುವ ಒಳಗಡೆಯಲ್ಲ. ಆಳುಗಳಿಗೆ ಈಗ ಬೂದಿ ತೆಗೆದೇ ಬಾಗಿಲು ಹಾಕಿ ಅಂತ ಹೇಳಿದ್ದೇನೆ.

ಅಕ್ಕನ ಮಗ ಕುಷ್ಟಗಿಯಲ್ಲಿ ಮನೆ ಕಟ್ಟಿಸುತ್ತಿದ್ದಾನೆ, ಅವನಿಗೆ ಹೊಳೆಯುವ ಸ್ಟೀಲೇ ಬೇಕಂತೆ. ನಾನು 3 ಎಂಎಂ ಕಬ್ಬಿಣ, ಜೊತೆಗೆ ರಾಡ್ ಅಂದಿದ್ದೇನೆ. ಯಾವುದೇ ಆಗಲಿ, ಬಚ್ಚಲಿನ ಸಜ್ಜಾ ಹಾಕಿಸುವ ಮುಂಚೆ ಟ್ಯಾಂಕಿನ ತಲೆಯ ಮೇಲೆ ರಾಡಿನಷ್ಟು ಉದ್ದ ಜಾಗ ಬಿಡಿಸು ಅಂತ ಫೋನಿನಲ್ಲಿ ಹೇಳಿದೆ. ಇಲ್ಲದಿದ್ದರೆ ಸವೆದ ರಾಡನ್ನು ಮೇಲಕ್ಕೆ ಎಳೆಯಲು ಆಗುವುದಿಲ್ಲ.