ಯಮಹಾವೋ, ಸುಜುಕಿಯೋ? ಎಂಜಿನ್ ಹೆಗಲ ಮೇಲೆ ಹೊತ್ತು ತರುವವನ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಇರುವುದು ಸುಜುಕಿಯ 9.9 ಎಚ್‌ಪಿ ಫೋರ್-ಸ್ಟ್ರೋಕ್ ದೋಣಿ ಎಂಜಿನ್ ಮೇಲೆ. 14 ತಿಂಗಳಿಂದ ನನ್ನ ದೋಣಿಯ ಹಿಂದೆ ಅದೇ ಉಂಟು. ಅದಕ್ಕಿಂತ ಮೊದಲು ಏಳು ವರ್ಷ ಯಮಹಾದ ಟೂ-ಸ್ಟ್ರೋಕ್, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸುವ ಎಂಜಿನ್ ಓಡಿಸಿದ್ದೆ. ನಡುವೆ ಎರಡು ವಾರ ಉಪ್ಪಳದ ಗೆಳೆಯನ ಹೋಂಡಾ ತಂದು ನೋಡಿದ್ದೆ. ಮಾವನ ಸೀಮೆಎಣ್ಣೆ ಎಂಜಿನಿನ ಹಗ್ಗವನ್ನಂತೂ ಮೀಸೆ ಬರುವ ಮೊದಲೇ ಎಳೆದವನು ನಾನು. ಹೊಸ ಎಂಜಿನ್ ತೆಗೆಯಬೇಕು, ಯಾವುದು ಒಳ್ಳೆಯದು ಅಂತ ಈಗ ತುಂಬಾ ಜನ ಕೇಳುತ್ತಾರೆ. ಎಲ್ಲರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಸರಿಯಾಗಿ ಬರೆಯುವುದು ಮೇಲು ಅನ್ನಿಸಿತು.

ನನ್ನ ಕೆಲಸ ಎಂಥದ್ದು ಅಂತ ಗೊತ್ತಿದ್ದರೆ ಮಾತ್ರ ನನ್ನ ಆಯ್ಕೆ ಅರ್ಥವಾದೀತು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಕೊಯಿಪಾಡಿ. 22 ಅಡಿಯ ಫೈಬರ್ ದೋಣಿ, ಮೇಲೆ ಡೆಕ್ ಇಲ್ಲ. ಹೋಗುವವರು ನಾನು ಮತ್ತು ಭಾವ, ಇಬ್ಬರೇ. ವಾರಕ್ಕೆ ಎರಡು ದಿನ ಕಡಲು, ಉಳಿದ ದಿನ ನನಗೆ ಅಂಗಡಿ. ನಾವು ಬಲೆ ಹಾಕುವುದು ಕಡಿಮೆ, ಗಾಳವೇ ಜಾಸ್ತಿ. ಅಂಜಲ್ ಮೀನು ಸಿಗುವ ತಿಂಗಳುಗಳಲ್ಲಿ ಹಿಂದೆ ಎರಡು ಗಾಳ ಬಿಟ್ಟುಕೊಂಡು ಗಂಟೆಗಟ್ಟಲೆ ನಿಧಾನಕ್ಕೆ ಓಡಿಸುವುದು. ಅದು ಸಿಗದಿದ್ದರೆ ಕಲ್ಲಿರುವ ಜಾಗದಲ್ಲಿ ನಿಂತು ಮುರು ಮೀನು ಹಿಡಿಯುವುದು.

ದುಬೈಯಲ್ಲಿರುವ ಚಿಕ್ಕಪ್ಪನ ಮಗ ಅಲ್ಲಿನ ಬೋಟುಗಳ ವಿಡಿಯೋ ಕಳುಹಿಸುತ್ತಾನೆ. ಬೋಟಿನ ನಟ್ಟನಡುವೆ ಸ್ಟೇರಿಂಗ್, ಹಿಂದೆ ಎರಡೆರಡು ದೊಡ್ಡ ಎಂಜಿನ್. ಅವು ಹಗಲೂ ರಾತ್ರಿ ಮರೀನಾದಲ್ಲೇ ನಿಂತಿರುತ್ತವೆ. ನಮ್ಮಲ್ಲಿ ದೋಣಿ ಹೊಳೆಯಲ್ಲಿ, ಎಂಜಿನ್ ಮನೆಯಲ್ಲಿ. ಪ್ರತಿ ಸಲ ಬಿಚ್ಚಬೇಕು. ಬಿದಿರಿಗೆ ಕಟ್ಟಿ ಇಬ್ಬರು ಹೆಗಲು ಕೊಟ್ಟು ಮರಳು ದಾಟಬೇಕು. ಆಮೇಲೆ ಆಟೋದ ಹಿಂದೆ ಮಲಗಿಸಬೇಕು. ಈ "ಮಲಗಿಸುವುದು" ಅನ್ನುವ ಮಾತನ್ನು ನೆನಪಿಡಿ, ಮುಂದೆ ಬರುತ್ತದೆ.

ಸೀಮೆಎಣ್ಣೆ ಎಂಜಿನಿನ ವಿಷಯ ಬೇಗ ಮುಗಿಸುತ್ತೇನೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಸ್ವಲ್ಪ ಹೊತ್ತು ಓಡಿಸಬೇಕು. ಮರೆತರೆ ಎಣ್ಣೆಗೆ ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಹಗ್ಗ ಎಳೆದೆಳೆದು ರಟ್ಟೆ ಬೀಳುತ್ತದೆ. ಹಿಂದೆ ಮೀನುಗಾರರಿಗೆ ಸರಕಾರದ ಪರ್ಮಿಟಿನಲ್ಲಿ ಸೀಮೆಎಣ್ಣೆ ಅಗ್ಗಕ್ಕೆ ಸಿಗುವಾಗ ಇಷ್ಟು ಕಷ್ಟಕ್ಕೂ ಒಂದು ಅರ್ಥ ಇತ್ತು. 2022ರಲ್ಲಿ ಸೀಮೆಎಣ್ಣೆ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಆ ಲೆಕ್ಕ ಹೋಯಿತು. ಮಾವ ಮಾತ್ರ ಇನ್ನೂ ಬಿಟ್ಟಿಲ್ಲ. ಅವರ ಕೈಗೆ ಆ ಎಂಜಿನ್ ಒಗ್ಗಿದೆ. ಹೊಸದಾಗಿ ತೆಗೆಯುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಇನ್ನು ಯಮಹಾ ಟೂ-ಸ್ಟ್ರೋಕ್. ಇದರ ಬಗ್ಗೆ ಯಾರಾದರೂ ಕೆಟ್ಟದಾಗಿ ಮಾತಾಡಿದರೆ ನನಗೆ ಬೇಜಾರಾಗುತ್ತದೆ. ಏಳು ವರ್ಷದಲ್ಲಿ ಒಮ್ಮೆಯೂ ನಡುಗಡಲಲ್ಲಿ ಕೈ ಕೊಡಲಿಲ್ಲ. ತೂಕ 36 ಕೆ.ಜಿ. ಅಷ್ಟೇ. ಹೆಂಗಾದರೂ ಹೊರಬಹುದು, ಹೆಂಗಾದರೂ ಮಲಗಿಸಬಹುದು. ಬಿಚ್ಚಿ ಜೋಡಿಸಲು ಬರುವವರು ಪ್ರತಿ ಕಡಪ್ಪುರದಲ್ಲಿ, ಅಂದರೆ ಕಡಲ ದಡದ ಕೇರಿಯಲ್ಲಿ, ಒಬ್ಬರಾದರೂ ಸಿಗುತ್ತಾರೆ. ಬಿಡಿ ಸಾಮಾನಿಗೆ ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಹತ್ತಿರ ಹೋದರೆ ಆಯಿತು.

ಹೊಳೆ ಕಡಲಿಗೆ ಸೇರುವ ಅಳಿವೆ ಬಾಯಿಯಲ್ಲಿ ಅದರ ನಿಜವಾದ ಗುಣ ಗೊತ್ತಾಗುತ್ತದೆ. ಎರಡು ತೆರೆಗಳ ನಡುವೆ ಒಂದು ಸಣ್ಣ ಸಂದು ಸಿಗುತ್ತದಲ್ವಾ, ಆಗ ಕೈ ತಿರುಗಿಸಿದ ಕೂಡಲೇ ದೋಣಿ ಹಾರಬೇಕು. ಟೂ-ಸ್ಟ್ರೋಕ್ ಹಾರುತ್ತದೆ. ಫೋರ್-ಸ್ಟ್ರೋಕ್ ಒಂದು ಉಸಿರು ತೆಗೆದುಕೊಂಡು ಆಮೇಲೆ ಹೋಗುತ್ತದೆ. ಜೂನ್-ಜುಲೈಯಲ್ಲಿ ಕೇರಳದ ಟ್ರಾಲಿಂಗ್ ನಿಷೇಧದ 52 ದಿನ ದೊಡ್ಡ ಬೋಟುಗಳು ನಿಂತಿರುವಾಗ ನಾಡದೋಣಿಯಲ್ಲಿ ಕಡಲಿಗೆ ಇಳಿಯುವವರಿಗೆ ಆ ಒಂದು ಉಸಿರು ತುಂಬಾ ದೊಡ್ಡದು. ನಾನು ಮಳೆಗಾಲದಲ್ಲಿ ಹೋಗುವುದಿಲ್ಲ. ಹಾಗಾಗಿ ನನಗೆ ನಡೆಯುತ್ತದೆ.

ಹಾಗಾದರೆ ಯಾಕೆ ಬದಲಾಯಿಸಿದೆ? ನಿಧಾನ ಓಡಿಸುವುದರಿಂದ. ಟೂ-ಸ್ಟ್ರೋಕ್ ಅಂದರೆ ಯಾವ ಕಂಪೆನಿಯದ್ದಾದರೂ ಜೋರಾಗಿ ಓಡಲು ಹುಟ್ಟಿದ್ದು. ಗಾಳ ಎಳೆಯುವ ವೇಗದಲ್ಲಿ ಮೂರು ಗಂಟೆ ಓಡಿಸಿದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಪೂರ್ತಿ ಉರಿಯದೆ ಕಿಡಿ ಕೊಡುವ ಪ್ಲಗ್ ಕಪ್ಪಾಗುತ್ತದೆ. ಗಾಳಿ ಹಿಂದಿನಿಂದ ಬಂದರೆ ಹೊಗೆಯೆಲ್ಲ ನಮ್ಮ ಮುಖಕ್ಕೇ. ಭಾವನಿಗೆ ಮೊದಲೇ ಉಬ್ಬಸ. ಅವನು ದೋಣಿಯ ಮುಂದೆ ಹೋಗಿ ಮುಖಕ್ಕೆ ಬೈರಾಸು ಕಟ್ಟಿಕೊಂಡು ಕೂತಿರುತ್ತಿದ್ದ. ಕಳೆದ ವರ್ಷ ಒಂದು ಬೆಳಿಗ್ಗೆ ಅವನ ಕೆಮ್ಮು ಗಂಟೆ ಹೊತ್ತು ನಿಲ್ಲಲೇ ಇಲ್ಲ. ಗಾಳ ಸುತ್ತಿ ವಾಪಸ್ ಬಂದೆವು. ಅವತ್ತೇ ತೀರ್ಮಾನ ಮಾಡಿದೆ.

ಹೋಂಡಾ ನೋಡಿದ್ದು ಆಗಲೇ. 1964ರಲ್ಲಿ ಮೊದಲ ಔಟ್‌ಬೋರ್ಡ್ (ದೋಣಿಯ ಹಿಂದೆ ಬಿಗಿಯುವ ಇಂಥ ಎಂಜಿನ್) ಮಾಡಿದಾಗಿನಿಂದ ಫೋರ್-ಸ್ಟ್ರೋಕ್ ಹಿಡಿದುಕೊಂಡು ಬಂದ ಕಂಪೆನಿ ಅದು. ಆ ಅನುಭವ ಕೈಗೆ ಗೊತ್ತಾಗುತ್ತದೆ. ಗೆಳೆಯನ ಎಂಜಿನ್ ಹಳೆಯದಾದರೂ ಕಂಪನವೇ ಇಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಬಹುದು. ಅದಕ್ಕೆ ಕಾರ್ಬ್ಯುರೇಟರ್. ಕೆಲವು ದಿನ ಓಡಿಸದೆ ಇಡುವುದಾದರೆ ಕೆಳಗಿನ ಸ್ಕ್ರೂ ಬಿಚ್ಚಿ ಒಳಗಿನ ಪೆಟ್ರೋಲ್ ಇಳಿಸಬೇಕು. ನನ್ನಂತೆ ವಾರದಲ್ಲಿ ಐದು ದಿನ ಎಂಜಿನ್ ಸುಮ್ನೆ ಇಡುವವನಿಗೆ ಅದು ದಿನಚರಿಯೇ ಆಗಿಬಿಡುತ್ತದೆ. ದಿನಾ ಹೋಗುವವನಾಗಿದ್ದರೆ ಬಹುಶಃ ಅದನ್ನೇ ತೆಗೆಯುತ್ತಿದ್ದೆ.

ಸುಜುಕಿಯಲ್ಲಿ ಕಾರ್ಬ್ಯುರೇಟರ್ ಇಲ್ಲ, ಪೆಟ್ರೋಲನ್ನು ಪಂಪಿನಿಂದ ಚಿಮ್ಮಿಸುವ ಇಂಜೆಕ್ಷನ್. ನನಗೆ ಮೊದಲು ಹೆದರಿಕೆ ಇದ್ದದ್ದೂ ಅದರದ್ದೇ. ಇಂಜೆಕ್ಷನ್ ಅಂದರೆ ಬ್ಯಾಟರಿ ಬೇಕು, ತೆರೆದ ದೋಣಿಯಲ್ಲಿ ಉಪ್ಪುನೀರು ತಾಗಿ ಬ್ಯಾಟರಿ ಎಷ್ಟು ದಿನ ಬಾಳೀತು ಅಂತ. ಇದಕ್ಕೆ ಬ್ಯಾಟರಿಯೇ ಬೇಡ. ಹಗ್ಗ ಎಳೆದಾಗ ಮೇಲಿನ ಚಕ್ರ ತಿರುಗಿ ಹುಟ್ಟುವ ಕರೆಂಟೇ ಪೆಟ್ರೋಲ್ ಪಂಪಿಗೂ ಇಂಜೆಕ್ಟರಿಗೂ ಸಾಕು. ಬೆಳಗ್ಗಿನ ಚಳಿಯಲ್ಲೂ ಒಂದೇ ಎಳೆತ, ಜಾಸ್ತಿ ಅಂದರೆ ಎರಡು. ಚೋಕ್ ಎಳೆಯುವ ಕೆಲಸ ಇಲ್ಲ. 327 ಸಿಸಿ ಇರುವುದರಿಂದ ಐಸ್ ಪೆಟ್ಟಿಗೆ ತುಂಬಿ ಬರುವಾಗಲೂ ಏದುಸಿರು ಬಿಡುವುದಿಲ್ಲ. ಮತ್ತೆ ಆ ಮೌನ. ನಿಧಾನ ಓಡಿಸುವಾಗ ದೋಣಿಯ ಬದಿಗೆ ನೀರು ಬಡಿಯುವುದು ಕೇಳುತ್ತದೆ. ಗಾಳದ ರೀಲಿನ ಮೊದಲ "ಟಿಕ್" ಕೇಳುತ್ತದೆ. ಭಾವ ಈಗ ನನ್ನ ಹತ್ತಿರವೇ ಕೂರುತ್ತಾನೆ.

ಇನ್ನು ಆ ಮಲಗಿಸುವ ಕಥೆ.

ಎಂಜಿನ್ ತಂದ ಮೂರನೇ ವಾರ. ಕಡಲಿನಿಂದ ಬಂದು ಎಂದಿನಂತೆ ಬಿಚ್ಚಿ, ಹೊತ್ತು, ಆಟೋದ ಹಿಂದೆ ಹಳೆಯ ಗೋಣಿ ಹಾಸಿ ಮಲಗಿಸಿದೆವು. ಏಳು ವರ್ಷ ಯಮಹಾವನ್ನು ಹೇಗೆ ಮಲಗಿಸುತ್ತಿದ್ದೆವೋ ಹಾಗೆಯೇ. ರಸ್ತೆಯಲ್ಲಿ ಕುಲುಕಿಕೊಂಡು ಮನೆಗೆ ಬಂತು. ಅವಸರದಲ್ಲಿದ್ದೆ, ಜಗಲಿಯಲ್ಲೂ ಹಾಗೇ ಅಡ್ಡ ಬಿಟ್ಟು ಅಂಗಡಿಗೆ ಹೋದೆ.

ಮರುದಿನ ನಾಲ್ಕೂವರೆಗೆ ಹೊಳೆಯಲ್ಲಿ ದೋಣಿಗೆ ಬಿಗಿದು ಹಗ್ಗ ಎಳೆದರೆ ಗೇಣುದ್ದ ಬಂದು ಗಟ್ಟಿಯಾಗಿ ನಿಂತುಬಿಟ್ಟಿತು. ಗೋಡೆಗೆ ಕಟ್ಟಿದ ಹಗ್ಗ ಎಳೆದ ಹಾಗೆ. "ಇದೆಂಥ ಭಾವ, ಹಗ್ಗವೇ ಬರುವುದಿಲ್ಲವಲ್ಲ?" ಅಂದೆ. ಅವನು "ಬಿಡು, ನಾನು ಎಳೆಯುತ್ತೇನೆ" ಅಂತ ಕಾಲು ಕೊಟ್ಟು ನಿಂತ. ಆಗ ಪುಣ್ಯಕ್ಕೆ ಪಕ್ಕದ ದೋಣಿಯ ಅಣ್ಣ ಕೂಗಿ ತಡೆದರು. ಅವರು ಕೆಲವು ವರ್ಷ ಮಸ್ಕತ್ತಿನಲ್ಲಿ ಬೋಟಿನ ಕೆಲಸದಲ್ಲಿದ್ದವರು. "ಎಳೀಬೇಡಿ ಮಾರಾಯ್ರೇ, ಒಳಗೆ ಆಯಿಲ್ ಹೋಗಿರ್ಬೇಕು. ಬಲ ಹಾಕಿದರೆ ರಾಡ್ ಬೆಂಡಾಗ್ತದೆ."

ಟೂ-ಸ್ಟ್ರೋಕಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಬಂದು ಉರಿದು ಹೋಗುತ್ತದೆ. ಫೋರ್-ಸ್ಟ್ರೋಕಿನಲ್ಲಿ ಹಾಗಲ್ಲ, ಕಾರಿನ ಎಂಜಿನಿನಂತೆ ಒಂದು ಲೀಟರಿನಷ್ಟು ಆಯಿಲ್ ಅಡಿಯಲ್ಲೇ ನಿಂತಿರುತ್ತದೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಅದು ಹರಿದು ಸಿಲಿಂಡರಿನ ಒಳಗೆ ಸೇರುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಬಹುದು, ಆಯಿಲನ್ನು ಒತ್ತಲು ಆಗುವುದಿಲ್ಲ. ಅದಕ್ಕೇ ಹಗ್ಗ ನಿಂತದ್ದು.

ಟಾರ್ಚಿನ ಬೆಳಕಿನಲ್ಲಿ ಎರಡೂ ಪ್ಲಗ್ ಬಿಚ್ಚಿದೆವು. ತೂತಿಗೆ ಬಟ್ಟೆ ಅಡ್ಡ ಹಿಡಿದು ಅಣ್ಣ ಮೆಲ್ಲನೆ ಹಗ್ಗ ಎಳೆದರು. ಹೊಸ ಆಯಿಲ್, ಜೇನಿನ ಬಣ್ಣ, ಪಿಚಕ್ಕೆಂದು ಬಟ್ಟೆಗೆ ಹಾರಿತು. ಹತ್ತು ಹದಿನೈದು ಸಲ ಎಳೆದ ಮೇಲೆ ಬರುವುದು ನಿಂತಿತು. ಪ್ಲಗ್ ಒರೆಸಿ ಹಾಕಿ, ಆಯಿಲ್ ಅಳತೆ ನೋಡಿ, ಕಡಿಮೆಯಾದದ್ದನ್ನು ತುಂಬಿಸಿ ಸ್ಟಾರ್ಟ್ ಮಾಡಿದರೆ ಹೊಳೆ ತುಂಬ ಬಿಳಿ ಹೊಗೆ. ಕಾಲು ಗಂಟೆಯಲ್ಲಿ ಅದೂ ಹೋಯಿತು. ಎಂಜಿನಿಗೆ ಏನೂ ಆಗಲಿಲ್ಲ. ಅವತ್ತಿನ ಕಡಲು ಮಾತ್ರ ತಪ್ಪಿತು.

ಮನೆಗೆ ಬಂದು ಕೈಪಿಡಿ ತೆರೆದರೆ ಯಾವ ಮಗ್ಗುಲು ಕೆಳಗೆ ಬರಬೇಕು ಅಂತ ಚಿತ್ರ ಬಿಡಿಸಿಯೇ ತೋರಿಸಿದ್ದಾರೆ. ನಾನು ನೋಡಿರಲಿಲ್ಲ, ಅದು ನನ್ನದೇ ತಪ್ಪು. ಆದರೆ ಮಾರಿದ ಅಂಗಡಿಯವರ ಮೇಲೂ ನನಗೆ ಸಿಟ್ಟು ಇದೆ. ಟೂ-ಸ್ಟ್ರೋಕ್ ಬಿಟ್ಟು ಮೊದಲ ಸಲ ಫೋರ್-ಸ್ಟ್ರೋಕ್ ತೆಗೆಯುತ್ತಿದ್ದೇನೆ, ಪ್ರತಿ ಸಲ ಹೊತ್ತು ತರುವವನು ಅಂತ ಅವರಿಗೆ ಎರಡು ಸಲ ಹೇಳಿದ್ದೆ. ಇಂಗ್ಲಿಷಿನ ಪುಸ್ತಕ ಕೈಗೆ ಕೊಟ್ಟು ಕಳುಹಿಸಿದರು. ಈ ಒಂದು ಮಾತು ಹೇಳಲು ಅರ್ಧ ನಿಮಿಷ ಸಾಕಿತ್ತು.

ಅವತ್ತೇ ಸಂಜೆ ಕೆಂಪು ಪೈಂಟ್ ತಂದು ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ "ಈ ಮಗ್ಗುಲು ಕೆಳಗೆ" ಅಂತ ಕನ್ನಡದಲ್ಲಿ ಬರೆದೆ. ಆಟೋದವನು ಮಲಯಾಳಿ, ಅವನಿಗಾಗಿ ಒಂದು ಬಾಣವನ್ನೂ ಬಿಡಿಸಿದೆ. ಇನ್ನೊಂದು ವಿಷಯ. ಮಲಗಿಸುವ ಮೊದಲು ಎಂಜಿನನ್ನು ನೆಟ್ಟಗೆ ಹಿಡಿದು ಒಳಗಿನ ನೀರು ಪೂರ್ತಿ ಇಳಿಯಲು ಬಿಡಬೇಕು. ಆಮೇಲೂ ತಲೆ ಭಾಗ ನೀರಿನಲ್ಲಿ ತಿರುಗುವ ಫ್ಯಾನಿಗಿಂತ ಸ್ವಲ್ಪ ಎತ್ತರಕ್ಕೆ ಇರಬೇಕು. ನಾನು ಆಟೋದಲ್ಲಿ ಒಂದು ಹಳೆಯ ಟಯರ್ ಇಟ್ಟುಕೊಂಡಿದ್ದೇನೆ. ಅದರ ಮೇಲೆ ತಲೆ ಇಡುತ್ತೇವೆ. ಆಮೇಲೆ ಒಮ್ಮೆಯೂ ತೊಂದರೆ ಬಂದಿಲ್ಲ.

ತೂಕವನ್ನೂ ಮುಚ್ಚಿಡುವುದಿಲ್ಲ. 44 ಕೆ.ಜಿ. ಯಮಹಾಕ್ಕಿಂತ 8 ಕೆ.ಜಿ. ಜಾಸ್ತಿ. ಕಾಗದದಲ್ಲಿ ಎಂಟು ಅಂದರೆ ಏನೂ ಅಲ್ಲ. ಒದ್ದೆ ಮರಳಿನಲ್ಲಿ ಕಾಲು ಹೂಳುವಾಗ ಆ ಎಂಟು ಸರಿಯಾಗಿ ಗೊತ್ತಾಗುತ್ತದೆ. ಒಬ್ಬನೇ ಹೊರುವವನಿಗೆ, ವಯಸ್ಸಾದವರಿಗೆ ನಾನು ಇದನ್ನು ಹೇಳುವುದಿಲ್ಲ.

ದುಡ್ಡಿನ ಲೆಕ್ಕ. ಟೂ-ಸ್ಟ್ರೋಕಿಗೆ ಹೋಲಿಸಿದರೆ ನನಗೆ ಸುಮಾರು 60,000 ರೂಪಾಯಿ ಜಾಸ್ತಿ ಬಿತ್ತು. ಐದು ಗಂಟೆಯ ನನ್ನ ಒಂದು ಓಟಕ್ಕೆ ಮೊದಲು 13 ಲೀಟರ್ ಹೋಗುತ್ತಿತ್ತು, ಈಗ 8. ಲೀಟರಿಗೆ 20 ಮಿ.ಲೀ.ಯಂತೆ ಬೆರೆಸುತ್ತಿದ್ದ ಆಯಿಲಿನ ಖರ್ಚೂ ಇಲ್ಲ. ಎಲ್ಲ ಸೇರಿ ಒಂದು ಓಟಕ್ಕೆ 600 ರೂಪಾಯಿಯ ಮೇಲೆ ಉಳಿಯುತ್ತದೆ. ನೂರು ಓಟದ ಒಳಗೆ ಹೆಚ್ಚು ಕೊಟ್ಟದ್ದು ವಾಪಸ್ ಬರುತ್ತದೆ. ನನ್ನ ಪುಸ್ತಕದಲ್ಲಿ ಈಗ 81 ಆಗಿದೆ. ಖರ್ಚಿನ ಕಡೆಯಲ್ಲಿ, ಮೊದಲ 20 ಗಂಟೆಗೆ ಒಮ್ಮೆ, ಆಮೇಲೆ ಪ್ರತಿ 100 ಗಂಟೆಗೆ ಎಂಜಿನ್ ಆಯಿಲ್ ಬದಲಾಯಿಸಬೇಕು. ಅದನ್ನು ನಾನೇ ಮಾಡುತ್ತೇನೆ. ಜೋರಾಗಿ ಹೋಗಿ ಬಲೆ ಬಿಟ್ಟು ಜೋರಾಗಿ ಬರುವವರಿಗೆ ಇಷ್ಟು ಉಳಿತಾಯ ಆಗಲಿಕ್ಕಿಲ್ಲ.

ಪೆಟ್ರೋಲಿನ ಬಗ್ಗೆ ಒಂದು ಎಚ್ಚರ, ಇದು ಎಲ್ಲ ಎಂಜಿನಿಗೂ ಸೇರಿದ್ದು. ಈಗ ಬಂಕುಗಳಲ್ಲಿ ಬರುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ನನ್ನ ಎಂಜಿನಿನ ಕೈಪಿಡಿ ಶೇ. 10ರ ತನಕ ಮಾತ್ರ ಒಪ್ಪುತ್ತದೆ. ಎಥನಾಲ್ ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಕಡಲಿನ ಮೇಲೆ ಪಸೆಗೆ ಏನು ಕಡಿಮೆ? ನೀರು ಬೇರೆಯಾಗಿ ಟ್ಯಾಂಕಿನ ಅಡಿಯಲ್ಲಿ ಕೂರುತ್ತದೆ, ಪೈಪು ಹೀರುವುದೂ ಅಡಿಯಿಂದಲೇ. ಹಾಗಾಗಿ ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ಹಾಕಿಸಿದ್ದೇನೆ. ಟ್ಯಾಂಕಿನಲ್ಲಿ ಉಳಿದದ್ದನ್ನು ವಾರಕ್ಕಿಂತ ಹೆಚ್ಚು ಇಡುವುದಿಲ್ಲ, ಬೈಕಿಗೆ ಹಾಕಿಬಿಡುತ್ತೇನೆ. ಮಂಗಳೂರಿಗೆ ಹೋದಾಗ ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ತುಂಬಿಸಿದರೆ ಲೀಟರಿಗೆ ಒಂದಿಷ್ಟು ಉಳಿಯುತ್ತದೆ, ಅದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ.

ಮಾವ ಒಂದು ಪ್ರಶ್ನೆ ಕೇಳುತ್ತಾರೆ. "ಕಾರ್ಬ್ಯುರೇಟರ್ ಆದರೆ ಕಡಲಲ್ಲೇ ಬಿಚ್ಚಿ ಊದಬಹುದು. ನಿನ್ನ ಇಂಜೆಕ್ಷನ್ ಕೆಟ್ಟರೆ ಎಂಥ ಮಾಡ್ತಿ?" ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಪ್ಲಗ್, ಫಿಲ್ಟರ್, ಒಂದು ಹಗ್ಗ ಯಾವಾಗಲೂ ದೋಣಿಯಲ್ಲಿ ಇರುತ್ತದೆ. ಹುಟ್ಟು ಎರಡು ಇರುತ್ತದೆ. ದಡ ಕಾಣದಷ್ಟು ದೂರ ನಾವಿಬ್ಬರೇ ಹೋಗುವುದಿಲ್ಲ. ಹೋಗಲೇಬೇಕು ಅನ್ನಿಸಿದ ದಿನ ಪಕ್ಕದ ದೋಣಿಯ ಅಣ್ಣನ ಜೊತೆ ಹೋಗುತ್ತೇವೆ. ಅವರದ್ದು ಯಮಹಾ ಟೂ-ಸ್ಟ್ರೋಕ್. ನನ್ನ ಹಳೆಯದನ್ನು ಕೊಂಡದ್ದು ಅವರೇ.